ಮನೆ ಹಿಂದಿನ ಅಪ್ಪೆ ಮರ

ಈ ಬೇಸಿಗೆಯಲ್ಲಿ ನಮ್ಮ ಹಿತ್ತಿಲಿನ ಅಪ್ಪೆ ಮರವನ್ನು ತೆಗೆಸಿದೆವು. ಸಾಗರ, ಸಿದ್ದಾಪುರ, ಶಿರಸಿ ಕಡೆಯವರಿಗೆ ಅಪ್ಪೆ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಅದು ಮಿಡಿ ಉಪ್ಪಿನಕಾಯಿಯ ಕಾಡುಮಾವು. ಸೊನೆಯ ಪರಿಮಳ, ಹುಳಿ, ಮಿಡಿಯ ಆಕಾರ ಒಂದೊಂದು ಮರದ್ದು ಒಂದೊಂದು ಥರ. ಬೀಜದಿಂದ ಹುಟ್ಟಿದ ಗಿಡ ತಾಯಿಯ ಹಾಗೇ ಇರುತ್ತದೆ ಅನ್ನುವ ಭರವಸೆ ಇಲ್ಲ. ಹಾಗಾಗಿ ಒಂದು ಮರ ಹೋದರೆ ಒಂದು ರುಚಿಯೇ ಹೋಗಿಬಿಡಬಹುದು. ಅಪ್ಪೆಮಿಡಿಗೆ ಜಿಐ, ಅಂದರೆ ಊರಿನ ವಿಶೇಷ ಬೆಳೆಗೆ ಕೊಡುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ನಿಜ. ಆದರೆ ನಮ್ಮ ಸುತ್ತಿನ ಹಳೆಯ ಮರಗಳು ಮಾತ್ರ ಒಂದೊಂದಾಗಿ ಕಾಣೆಯಾಗುತ್ತಿವೆ. ಅಂಥದ್ದೊಂದು ಮರವನ್ನು ಕೈಯಾರೆ ತೆಗೆಸಲು ಅಪ್ಪಯ್ಯನ ಮನಸ್ಸು ಒಪ್ಪಲು ಬಹಳ ಕಾಲ ಹಿಡಿಯಿತು.

ಮಲೆನಾಡಿನಲ್ಲಿ ಮೇ ತಿಂಗಳು ಬಂತೆಂದರೆ ಎಲ್ಲರೂ ತಲೆ ಎತ್ತಿ ಮರ ನೋಡಲು ಶುರು ಮಾಡುತ್ತಾರೆ. ರೋಹಿಣಿ ಮಳೆ ಹೇಗೋ ಕಳೆಯುತ್ತದೆ. ಆರಿದ್ರಾ, ಪುನರ್ವಸು ಹೊತ್ತಿಗೆ ಮಣ್ಣು ನೆನೆದು ಸಡಿಲವಾಗಿರುತ್ತದೆ, ಎಲೆಯಲ್ಲೆಲ್ಲ ನೀರಿನ ಭಾರ ಇರುತ್ತದೆ, ಮೇಲಿಂದ ಗಾಳಿ. ನಮ್ಮದು ಜಂಬಿಟ್ಟಿಗೆ ನೆಲ. ಬೇರು ಆಳಕ್ಕೆ ಇಳಿಯದೆ ಅಗಲಕ್ಕೆ ಹರಡುತ್ತದೆ. ಯಾರದ್ದಾದರೂ ಕೊಟ್ಟಿಗೆ ಮೇಲೆ ಮರ ಬಿದ್ದ ಸುದ್ದಿ ಬಂದರೆ ಸಾಕು, ಮರುವಾರ ಊರೆಲ್ಲ ಗರಗಸದ ಸದ್ದು. ಆ ಗಡಿಬಿಡಿಯಲ್ಲಿ ಕಡಿಯುವುದು ಹೆಚ್ಚಾಗಿ ಗಟ್ಟಿ ಮರಗಳನ್ನೇ. ವಾಲಿದೆ, ಎತ್ತರ ಇದೆ, ಹೆದರಿಕೆ ಆಗುತ್ತದೆ ಅಂತ ಕಡಿದುಬಿಡುತ್ತಾರೆ. ನಿಜವಾಗಿ ಅಪಾಯದ ಮರ ಹಸಿರಾಗಿ, ನೆಟ್ಟಗೆ, ಚೆಂದ ಕಾಣುತ್ತಾ ನಿಂತಿರುತ್ತದೆ. ಇದು ನನಗೆ ತುಂಬ ಸಂಕಟ ಕೊಡುವ ವಿಷಯ.

ಮರ ವಾಲಿದೆ ಅನ್ನುವುದೊಂದೇ ಅಪಾಯದ ಗುರುತಾಗಲಾರದು. ಎಳೆಯದರಲ್ಲಿ ಬೆಳಕು ಹುಡುಕಿ ವಾಲಿ, ಆಮೇಲೆ ತುದಿ ನೆಟ್ಟಗೆ ಮಾಡಿಕೊಂಡ ಮರ, ಆ ವಾಲುವಿಕೆಗೆ ತಕ್ಕ ಹಾಗೆ ಬೇರು, ಕಾಂಡ ಎರಡನ್ನೂ ಗಟ್ಟಿ ಮಾಡಿಕೊಂಡಿರುತ್ತದೆ. ಹೆದರಬೇಕಾದ್ದು ಹೊಸದಾಗಿ ವಾಲಿದ ಮರಕ್ಕೆ. ವಾಲಿದ ದಿಕ್ಕಿನ ಎದುರು ಬದಿಯಲ್ಲಿ ಮಣ್ಣು ಉಬ್ಬಿದೆಯಾ, ಬಿರುಕು ಬಿಟ್ಟಿದೆಯಾ ನೋಡಬೇಕು. ಇದ್ದರೆ ಬೇರು ಎದ್ದು ಬರುತ್ತಿದೆ ಅಂತ ಅರ್ಥ. ಅಂಥ ಮರದ ವಿಷಯದಲ್ಲಿ ಒಂದು ಮಳೆ ಕೂಡ ಕಾಯಬಾರದು. ಎರಡು ಕವಲು ಒಂದಕ್ಕೊಂದು ಒತ್ತಿಕೊಂಡು ಬೆಳೆದು, ನಡುವೆ ತೊಗಟೆ ಸಿಕ್ಕಿಹಾಕಿಕೊಂಡಿದ್ದರೆ ಅದೂ ಕೆಟ್ಟದ್ದೇ. ಗಾಳಿಗೆ ಸೀಳುವುದು ಅಲ್ಲಿಯೇ.

ನಮ್ಮ ಅಪ್ಪೆ ಮರದಲ್ಲಿ ಇದ್ಯಾವುದೂ ಇರಲಿಲ್ಲ. ಮೇಲೆ ಸ್ವಲ್ಪ ಬಂದಳಿಕೆ ಹಿಡಿದಿತ್ತು, ಒಂದೆರಡು ಕೊಂಬೆ ಒಣಗಿದ್ದವು, ಅಷ್ಟೇ. ತೊಂದರೆ ಇದ್ದದ್ದು ಬುಡದಲ್ಲಿ. ಮರ ನಿಂತಿದ್ದು ಮನೆ ಹಿಂದಿನ ದರೆಯ, ಅಂದರೆ ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆಯ ಅಂಚಿನಲ್ಲಿ. ನಾನು ಹುಟ್ಟುವ ಎಷ್ಟೋ ಮುಂಚೆ ಬಚ್ಚಲುಮನೆ ಕಟ್ಟಲು ಜಾಗ ಬೇಕು ಅಂತ ಗುಡ್ಡ ಕಡಿದು ದರೆ ಮಾಡಿದ್ದರಂತೆ. ಆಗ ಆ ಬದಿಯ ಬೇರೆಲ್ಲ ತುಂಡಾಗಿತ್ತು. ಮರ ಸಾಯಲಿಲ್ಲ, ಮಿಡಿ ಬಿಡುವುದನ್ನೂ ನಿಲ್ಲಿಸಲಿಲ್ಲ. ಆದರೆ ಕಡಿದ ಬೇರಿನ ತುದಿಯಿಂದ ಲಡ್ಡು, ಅಂದರೆ ಕೊಳೆತ, ಒಳಗೆ ಹೊಕ್ಕಿತು.

ಅಮೆರಿಕದ ಅರಣ್ಯ ಇಲಾಖೆಯಲ್ಲಿ ಅಲೆಕ್ಸ್ ಶೈಗೊ ಎಂಬ ವಿಜ್ಞಾನಿ ಇದ್ದರು. ಸಾವಿರಾರು ಮರಗಳನ್ನು ಗರಗಸದಲ್ಲಿ ಉದ್ದಕ್ಕೆ ಸೀಳಿ ಒಳಗಿನ ಕೊಳೆತವನ್ನು ನೋಡಿದವರು. 1977ರಲ್ಲಿ ಅವರು ಮುಂದಿಟ್ಟ ವಿವರಣೆ ಇವತ್ತಿಗೂ ಮರದ ಆರೈಕೆ ಮಾಡುವವರಿಗೆ ಆಧಾರ. ನಮ್ಮ ಚರ್ಮದ ಗಾಯ ಮಾಯುವ ಹಾಗೆ ಮರದ ಗಾಯ ಮಾಯುವುದಿಲ್ಲ. ಕೆಟ್ಟ ಭಾಗದ ಸುತ್ತ ಮರ ಗೋಡೆ ಕಟ್ಟಿಕೊಂಡು, ಅದರಾಚೆ ಹೊಸ ಪದರ ಬೆಳೆಸುತ್ತಾ ಹೋಗುತ್ತದೆ. ಕೆಟ್ಟದ್ದು ಒಳಗೇ ಉಳಿಯುತ್ತದೆ. ಹೊರಗಿನಿಂದ ನೋಡಿದವರಿಗೆ ಮರ ದಷ್ಟಪುಷ್ಟ. ಪೊಟರೆಗೆ ಸಿಮೆಂಟ್ ತುಂಬಿ ಮರ ಉಳಿಸಿದೆವು ಅನ್ನುವವರಿದ್ದಾರೆ. ಅದರಿಂದ ಮರಕ್ಕೆ ಬಲ ಬರುವುದಿಲ್ಲ. ಒಳಗೆ ನೀರು ನಿಂತು, ಮರ ತಾನೇ ಕಟ್ಟಿಕೊಂಡ ಗೋಡೆಗೂ ಪೆಟ್ಟು ಬೀಳಬಹುದು.

ಹಿಂದಿನ ಮಳೆಗಾಲದಲ್ಲಿ ಬುಡದ ದರೆ ಬದಿಗೆ ಕಂದು ಬಣ್ಣದ, ಗಟ್ಟಿಯಾದ, ಅರ್ಧ ತಟ್ಟೆಯಂಥ ಅಣಬೆ ಎದ್ದಿತ್ತು. ಮೇಲ್ಭಾಗ ಮೆರುಗು, ಅಂಚು ಬಿಳಿ. ಬುಡ, ಬೇರು ಕೊಳೆಸುವ ಗ್ಯಾನೊಡರ್ಮಾ ಅದು. ತೆಂಗು ಅಡಿಕೆ ಬೆಳೆಯುವವರಿಗೆ ಈ ಹೆಸರು ಗೊತ್ತು. ಅಣಬೆ ಹೊರಗೆ ಕಾಣಿಸಿಕೊಳ್ಳುವ ಹೊತ್ತಿಗೆ ಒಳಗೆ ವರ್ಷಗಟ್ಟಲೆ ಕೆಲಸ ನಡೆದಿರುತ್ತದೆ. ಕೊಡಲಿಯ ಹಿಂಬದಿಯಿಂದ ಸುತ್ತಲೂ ಬಡಿದು ನೋಡಿದಾಗ ಗುಡ್ಡದ ಬದಿಯ ಸದ್ದು ಬೇರೆ, ಮನೆ ಬದಿಯ ಸದ್ದು ಬೇರೆ. ಅಪ್ಪಯ್ಯ ಕಬ್ಬಿಣದ ಸಲಾಕೆ ಚುಚ್ಚಿದರೆ ಅದು ಸಲೀಸಾಗಿ ಒಳಗೆ ಹೋಯಿತು. ಟೊಳ್ಳಾದ ಮರವೆಲ್ಲ ಬೀಳುವುದಿಲ್ಲ, ಕೊಳವೆಯ ಆಕಾರಕ್ಕೂ ಬಲ ಇದೆ. ಸುತ್ತಲಿನ ಗಟ್ಟಿ ಭಾಗದ ದಪ್ಪ, ಕಾಂಡದ ತ್ರಿಜ್ಯದ ಮೂರನೇ ಒಂದಕ್ಕಿಂತ ಕಡಿಮೆಯಾದರೆ ಎಚ್ಚರ ಅನ್ನುವುದು ಜರ್ಮನಿಯ ವಿಜ್ಞಾನಿ ಕ್ಲಾಸ್ ಮಾಟೆಕ್ ಹೇಳಿದ ಲೆಕ್ಕ. ಅಂದರೆ 60 ಸೆಂಟಿಮೀಟರ್ ಅಗಲದ ಕಾಂಡದಲ್ಲಿ ಸುತ್ತಲೂ 10 ಸೆಂಟಿಮೀಟರಾದರೂ ಗಟ್ಟಿ ಮರ ಇರಬೇಕು. ಈ ಲೆಕ್ಕವನ್ನು ಒಪ್ಪದ ತಜ್ಞರೂ ಇದ್ದಾರೆ, ಕಣ್ಣು ಮುಚ್ಚಿ ನಂಬುವಂಥದ್ದೇನೂ ಅಲ್ಲ. ಆದರೆ ಟೊಳ್ಳು ಒಂದು ಬದಿಗೆ ತೆರೆದುಕೊಂಡಿದ್ದರೆ ಬಲ ಇನ್ನೂ ಕಡಿಮೆ ಅನ್ನುವುದರಲ್ಲಿ ತಕರಾರಿಲ್ಲ. ನಮ್ಮ ಮರದ್ದು ಹಾಗೇ ಇತ್ತು, ಅದೂ ಮನೆ ಬದಿಗೆ.

ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು. ಬಿದ್ದರೆ ಯಾರ ಮೇಲೆ ಬೀಳುತ್ತದೆ? ಕಾಡಿನ ನಡುವಿನ ಟೊಳ್ಳು ಮರ ಯಾರಿಗೂ ಅಪಾಯವಲ್ಲ. ಕುಟ್ರು ಹಕ್ಕಿಗೆ, ಓತಿಕ್ಯಾತಕ್ಕೆ, ಜೇನಿಗೆ ಅದು ಮನೆ. ಎಷ್ಟೋ ಸಲ ಮರ ಕಡಿಯುವ ಬದಲು ಅದರ ಕೆಳಗಿನದ್ದನ್ನು ಸರಿಸಿದರೆ ಸಾಕು. ಕಾರು ನಿಲ್ಲಿಸುವ ಜಾಗ, ಕಟ್ಟಿಗೆಯ ಚಪ್ಪರ ಇಂಥದ್ದನ್ನು ಬೇರೆ ಕಡೆ ಮಾಡಬಹುದು. ಒಣ ಕೊಂಬೆ ತೆಗೆದು ಭಾರ ಇಳಿಸಬಹುದು. ತಲೆ ಮಾತ್ರ ಬೋಳಿಸಬೇಡಿ. ನೆತ್ತಿ ಕಡಿದ ಜಾಗದಲ್ಲಿ ಗಾಯ ಕೊಳೆಯುತ್ತದೆ, ಅದರ ಮೇಲೆಯೇ ಹೊಸ ಚಿಗುರು ದಟ್ಟವಾಗಿ ಬಂದು ಉದ್ದವಾಗುತ್ತದೆ. ಹತ್ತು ವರ್ಷದ ನಂತರ ಮೊದಲಿಗಿಂತ ದೊಡ್ಡ ಅಪಾಯ. ನಮ್ಮ ಮರದ ಕೆಳಗಿದ್ದದ್ದು ಬಚ್ಚಲು, ಅಡುಗೆಮನೆ, ಅಮ್ಮ ಮಲಗುವ ಕೋಣೆ. ಅವನ್ನು ಎಲ್ಲಿಗೆ ಸರಿಸುವುದು?

ಕಾಗದದ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ನಮ್ಮದೇ ಜಾಗದ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ಕೆಲವು ಜಾತಿಯ ಮರಗಳಿಗೆ ವಿನಾಯಿತಿ ಇದೆ. ಪಹಣಿ, ನಕ್ಷೆ, ಮರದ ಫೋಟೋ ಇಟ್ಟು ಅರ್ಜಿ ಕೊಡಬೇಕು. ಜೀವಕ್ಕೆ, ಆಸ್ತಿಗೆ ಅಪಾಯ ಇರುವ ಮರಕ್ಕೆ ಅನುಮತಿ ನಿರಾಕರಿಸುವಂತಿಲ್ಲ ಅನ್ನುವ ಮಾತು ಕಾಯ್ದೆಯಲ್ಲೇ ಇದೆ. ಬದಲಿಗೆ ಗಿಡ ನೆಡಬೇಕು ಅನ್ನುವ ಷರತ್ತು ಹಾಕುತ್ತಾರೆ. ಹಾಕಲೇಬೇಕು ಕೂಡ. ಮರ ಮಾಲ್ಕಿ (ಸ್ವಂತ) ಜಾಗದಲ್ಲಿದೆಯೋ, ತೋಟಕ್ಕೆ ಸೊಪ್ಪು ತರಲು ಬಿಟ್ಟ ಸರ್ಕಾರಿ ಸೊಪ್ಪಿನ ಬೆಟ್ಟದಲ್ಲಿದೆಯೋ ಅನ್ನುವುದನ್ನು ಮೊದಲೇ ಖಚಿತ ಮಾಡಿಕೊಳ್ಳಿ. ಬೆಟ್ಟದ ಮರವಾದರೆ ಲೆಕ್ಕವೇ ಬೇರೆ. ಮುಖ್ಯವಾಗಿ, ಇದನ್ನೆಲ್ಲ ಚಳಿಗಾಲದಲ್ಲೇ ಶುರು ಮಾಡಿ. ಮೋಡ ಕಟ್ಟಿದ ಮೇಲೆ ಅರ್ಜಿ ಹಿಡಿದು ಓಡಾಡುವ ಹಾಗಾಗಬಾರದು.

ಈಗ ಕಡಿಯುವ ವಿಷಯ. ಬಯಲಿನ ಮರ ಕಡಿಯುವ ಪದ್ಧತಿ ಎಲ್ಲರಿಗೂ ಗೊತ್ತು. ಬೀಳಬೇಕಾದ ಕಡೆ ಕಾಂಡದಲ್ಲಿ ಬಾಯಿಯಂಥ ಕಚ್ಚು ತೆಗೆಯುವುದು, ಹಿಂದಿನಿಂದ ಕೊಯ್ಯುವುದು, ನಡುವೆ ಒಂದು ಪಟ್ಟಿ ಉಳಿಸುವುದು. ಕಾಂಡದ ಅಗಲದ ಹತ್ತನೇ ಒಂದರಷ್ಟು ದಪ್ಪದ ಆ ಪಟ್ಟಿಯೇ ಬಾಗಿಲಿನ ತಿರುಗಣಿಯ ಹಾಗೆ ಮರವನ್ನು ಹಿಡಿದು ಬೇಕಾದ ಕಡೆಗೆ ಮಲಗಿಸುತ್ತದೆ. ಆದರೆ ಬುಡ ಲಡ್ಡಾಗಿದ್ದರೆ ಪಟ್ಟಿ ಹಿಡಿಯುವುದೇ ಇಲ್ಲ. ಮರ ತನಗೆ ಬೇಕಾದ ಕಡೆ ಬೀಳುತ್ತದೆ. ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ಎಳೆದರೂ ಅಷ್ಟೇ. ಎಳೆದ ರಭಸಕ್ಕೆ ಬುಡವೇ ಮುರಿಯಬಹುದು. ವಾಲಿದ ಮರದಲ್ಲಿ ಇನ್ನೊಂದು ಭಯ ಇದೆ. ಕೊಯ್ಯುತ್ತಿರುವಾಗಲೇ ಕಾಂಡ ಮೇಲಕ್ಕೆ ಸೀಳಿ, ಸೀಳಿದ ಭಾಗ ಹಿಂದಕ್ಕೆ ಒದೆಯುತ್ತದೆ. ಗರಗಸ ಹಿಡಿದವನಿಗೆ ತಪ್ಪಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ.

ಆದ್ದರಿಂದ ಮನೆ ಪಕ್ಕದ ಮರವನ್ನು ತುದಿಯಿಂದ ಶುರು ಮಾಡಿ, ತುಂಡು ತುಂಡಾಗಿ ಕೆಳಗೆ ತರಬೇಕು. ಹಾಗಾದರೆ ಬುಡ ಕೊಳೆತ ಮರವನ್ನು ಹತ್ತುವುದು ಹೇಗೆ? ದಾರಿ ಇರುವ ಊರಲ್ಲಿ ಕ್ರೇನ್ ತರುತ್ತಾರೆ, ಬುಟ್ಟಿ ಇರುವ ಲಾರಿ ತರುತ್ತಾರೆ. ನಮ್ಮ ಮನೆ ಹಿಂದಕ್ಕೆ ಗಾಡಿ ಬರುವ ಹಾದಿಯೇ ಇಲ್ಲ. ಮೊದಲು ಬಂದ ಒಬ್ಬರು ಮರ ನೋಡಿ, ಅರ್ಧ ದಿನದ ಕೆಲಸ ಅಂದರು. ಏಣಿ ಇಟ್ಟು ಗರಗಸ ಹಿಡಿದು ಹತ್ತುವ ಯೋಚನೆ ಅವರದ್ದು. ಅಪ್ಪಯ್ಯ ಕೈ ಮುಗಿದು ಕಳಿಸಿದರು. ಏಣಿಯ ಮೇಲೆ ನಿಂತು ಯಂತ್ರದ ಗರಗಸ ಹಿಡಿಯುವುದು ಯಾರೂ ಮಾಡಬಾರದ ಕೆಲಸ. ಕೊಯ್ದ ಕೊಂಬೆ ತಿರುಗಿ ಬಂದು ಏಣಿಗೆ ಹೊಡೆಯುತ್ತದೆ. ಗರಗಸದ ಮೂತಿಯ ಮೇಲ್ತುದಿ ಏನಕ್ಕಾದರೂ ತಾಗಿದರೆ ಅದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಖದ ಕಡೆ ಹಾರುತ್ತದೆ.

ಆಮೇಲೆ ಬಂದ ತಂಡದ ಹಿರಿಯ ಮರ ಮುಟ್ಟುವ ಮೊದಲು ಸುತ್ತಮುತ್ತಲಿನ ಬೇರೆ ಮರಗಳನ್ನು ನೋಡುತ್ತಾ ಗುಡ್ಡ ಹತ್ತಿ ಹೋದರು. ಇಳಿದು ಬಂದು, "ಹೆಗ್ಡೇರೆ, ನಿಮ್ ಅಪ್ಪೆ ಮರದ ಮೇಲೆ ನಂಬಿಕೆ ಇಲ್ಲ. ಆ ಹಲಸಿನ ಮರದ ಮೇಲೆ ಇದೆ" ಅಂದರು. ನನಗೆ ಆಗಲೇ ಸಮಾಧಾನವಾಯಿತು. ಹಲಸು ಮೇಲಿನ ಬ್ಯಾಣದಲ್ಲಿ, ಅಂದರೆ ದನ ಮೇಯುವ ಹುಲ್ಲಿನ ಜಾಗದಲ್ಲಿ, ಗಟ್ಟಿಯಾಗಿ ನಿಂತಿತ್ತು, ಅಪ್ಪೆಗಿಂತ ಎತ್ತರದಲ್ಲಿ. ಹತ್ತುವ ಹುಡುಗನ ಜೀವದ ಹಗ್ಗವನ್ನು ಹಲಸಿನ ಮರಕ್ಕೆ ಕಟ್ಟಿದರು. ಅಪ್ಪೆ ಮರ ಕುಸಿದರೂ ಅವನು ಹಲಸಿಗೆ ಜೋತು ಉಳಿಯಬೇಕು ಅನ್ನುವುದು ಲೆಕ್ಕ. ಅಪ್ಪೆಯ ಕಾಂಡವನ್ನೂ ಎರಡು ಕಡೆಯಿಂದ ಗುಡ್ಡದ ಮರಗಳಿಗೆ ಬಿಗಿದರು, ಮನೆ ಕಡೆ ವಾಲದ ಹಾಗೆ.

"ಅಲ್ಲ ಮಾರಾಯ, ಇಷ್ಟೆಲ್ಲ ಹಗ್ಗ ಕಟ್ಟೋದ್ರಲ್ಲೇ ಮಧ್ಯಾಹ್ನ ಆಗ್ತದಲ್ಲ?" ಅಂದರು ಅಪ್ಪಯ್ಯ.

"ಕೆಲಸ ಇದೇ ಹೆಗ್ಡೇರೆ. ಕೊಯ್ಯೋದು ಆಮೇಲಿಂದು."

ಆ ಮಾತು ಪೂರ್ತಿ ನಿಜ. ಅವತ್ತು ಗರಗಸ ಓಡಿದ್ದಕ್ಕಿಂತ ಸುಮ್ನೆ ನಿಂತಿದ್ದೇ ಜಾಸ್ತಿ. ಹಿಂದಿನ ಮಾಡಿನ ಹಂಚನ್ನು ಮೊದಲೇ ಇಳಿಸಿ ಪಕ್ಕಕ್ಕೆ ಪೇರಿಸಿದ್ದೆವು. ಪಕಾಸಿಯ ಮೇಲೆ ಅಡಿಕೆ ದಬ್ಬೆ ಹಾಸಿದ್ದೆವು. ಕೊಟ್ಟಿಗೆಯ ದನಗಳನ್ನು ಕೆಳಗಿನ ಮನೆಗೆ ಹೊಡೆದುಕೊಂಡು ಹೋಗಿದ್ದಾಯಿತು. ಅಮ್ಮನನ್ನೂ ಅತ್ತೆಯನ್ನೂ ಅಲ್ಲಿಗೇ ಕಳಿಸಿದೆವು. ಮನೆಗೆ ಬರುವ ಕರೆಂಟಿನ ತಂತಿ ಆ ಬದಿಯಿಂದಲೇ ಬರುತ್ತದೆ. ಕೆಇಬಿಯವರಿಗೆ ಮೊದಲೇ ಹೇಳಿ, ಲೈನ್‌ಮನ್ ಬಂದು ಕಂಬದಲ್ಲೇ ತೆಗೆದುಕೊಟ್ಟ ಮೇಲೆ ಮುಂದುವರಿದದ್ದು. ಮನೆಯ ಮೈನ್ ಸ್ವಿಚ್ ಆಫ್ ಮಾಡಿದರೆ ಹೊರಗಿನ ತಂತಿಯಲ್ಲಿ ಕರೆಂಟ್ ಹೋಗುವುದಿಲ್ಲ. ಇದನ್ನು ಎಷ್ಟು ಜನಕ್ಕೆ ಹೇಳಿದರೂ ಸಾಲದು. ಹಸಿ ಕೊಂಬೆ, ಒದ್ದೆ ಹಗ್ಗ ಎರಡರಲ್ಲೂ ಕರೆಂಟ್ ಹರಿಯುತ್ತದೆ.

ಪೊಟರೆಯಲ್ಲಿ ತುಡುವೆ ಜೇನು ಇತ್ತು. ಅದನ್ನು ಹಿಂದಿನ ವಾರವೇ ಜೇನು ಸಾಕುವ ನೆಂಟರೊಬ್ಬರು ಪೆಟ್ಟಿಗೆಗೆ ತುಂಬಿಸಿಕೊಂಡು ಹೋಗಿದ್ದರು. ಹಕ್ಕಿ ಗೂಡು ಇರಲಿಲ್ಲ. ಇದ್ದಿದ್ದರೆ ಮರಿ ಹಾರುವವರೆಗೆ ಕಾಯಬೇಕು ಅಂತ ಅಮ್ಮ ಹಟ ಹಿಡಿದಿದ್ದಳು.

ಕೆಲಸ ಬೆಳಿಗ್ಗೆಯೇ. ಮೇ ತಿಂಗಳ ಮಧ್ಯಾಹ್ನಕ್ಕೆ ಗುಡುಗು ಮಳೆ, ಗಾಳಿ ಯಾವಾಗ ಬರುತ್ತದೆ ಅಂತ ಹೇಳಲಾಗದು. ಗಾಳಿ ಎದ್ದ ಕೂಡಲೇ ಹುಡುಗ ಇಳಿಯಬೇಕು, ಅರ್ಧ ಕೊಯ್ದ ಕೊಂಬೆ ಬಿಟ್ಟು ಇಳಿಯಬಾರದು. ಹಾಗಾಗಿ ಒಂದೊಂದು ಕೊಂಬೆಗೂ ಮೊದಲು ಆಕಾಶ ನೋಡುತ್ತಿದ್ದರು. ಸಣ್ಣ ಕೊಂಬೆಗಳನ್ನು ಕತ್ತಿಯಲ್ಲೇ ಸವರಿ ಕೆಳಗೆ ಬಿಟ್ಟರು. ಅದೇ ಸೊಪ್ಪು ದರೆಯ ಕೆಳಗೆ ದಪ್ಪವಾಗಿ ಬಿದ್ದು, ಮುಂದಿನ ತುಂಡುಗಳಿಗೆ ಹಾಸಿಗೆಯಾಯಿತು. ಮನೆ ಮೇಲೆ ಚಾಚಿದ ದಪ್ಪ ಕೊಂಬೆಗಳನ್ನು ಹಗ್ಗದಲ್ಲಿ ಕಟ್ಟಿ ಇಳಿಸಬೇಕಿತ್ತು. ಅದರ ರಾಟೆಯನ್ನೂ ಹಲಸಿಗೇ ಹಾಕಿದರು. ಹಸಿ ಮರ ಒಂದು ಘನ ಮೀಟರಿಗೆ ಹೆಚ್ಚು ಕಡಿಮೆ ಒಂದು ಟನ್ ತೂಗುತ್ತದೆ. 60 ಸೆಂಟಿಮೀಟರ್ ಅಗಲದ, ಒಂದು ಮೀಟರ್ ಉದ್ದದ ತುಂಡು 250 ಕಿಲೋ ದಾಟುತ್ತದೆ. ಅದು ಒಂದೆರಡು ಮೀಟರ್ ಬಿದ್ದು ಹಗ್ಗಕ್ಕೆ ಜಗ್ಗಿದರೆ, ಹಗ್ಗದ ಮೇಲೆ ಬೀಳುವ ಸೆಳೆತ ಅದರ ತೂಕದ ಎಷ್ಟೋ ಪಟ್ಟು. ಕೊಳೆತ ಬುಡದ ಮರ ಅಂಥ ಒಂದು ಜಗ್ಗು ತಡೆಯುವುದೂ ಕಷ್ಟ. ಸಂತೆಯಲ್ಲಿ ಸಿಗುವ ಹಳದಿ ಪ್ಲಾಸ್ಟಿಕ್ ಹಗ್ಗ ಈ ಕೆಲಸಕ್ಕೆ ಆಗುವುದಿಲ್ಲ. ಬಿಸಿಲಿಗೆ ಪೆಡಸಾಗುತ್ತದೆ, ಕಾಂಡಕ್ಕೆ ಉಜ್ಜಿ ಬಿಸಿಯಾದರೆ ಕರಗುತ್ತದೆ. ಇವರ ಹತ್ತಿರ ಒಳ್ಳೆಯ ಹಗ್ಗ ಇತ್ತು. ಅದನ್ನು ಮಣ್ಣಿಗೆ ತಾಗಿಸದೆ ಚೀಲದಲ್ಲಿ ಇಟ್ಟುಕೊಂಡಿದ್ದರು. ಕೆಲಸಗಾರರನ್ನು ಆರಿಸುವಾಗ ಗರಗಸ ನೋಡಬೇಡಿ, ಹಗ್ಗ ನೋಡಿ ಅಂತ ನಾನು ಈಗ ಎಲ್ಲರಿಗೂ ಹೇಳುತ್ತಿದ್ದೇನೆ.

ಹುಡುಗ ಮೇಲೆ ಗರಗಸ ಶುರು ಮಾಡುವ ಮೊದಲು ಪ್ರತಿ ಸಲವೂ ಎರಡನೆಯ ಹಗ್ಗವೊಂದನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಳ್ಳುತ್ತಿದ್ದ. ಗರಗಸದ ಹಲ್ಲು ಒಂದು ಹಗ್ಗ ಕತ್ತರಿಸಿದರೂ ಇನ್ನೊಂದು ಇರಲಿ ಅಂತ. ಕೆಳಗೆ ಒಬ್ಬರು ಮಾತ್ರ ಮಾತಾಡುತ್ತಿದ್ದರು. ಅವರು ಕೈ ಎತ್ತುವವರೆಗೆ ದರೆಯ ಕೆಳಗೆ ಯಾರೂ ಕಾಲಿಡುವ ಹಾಗಿಲ್ಲ, ಅಪ್ಪಯ್ಯನೂ ಇಲ್ಲ. ನೋಡಲು ಬಂದ ಊರಿನವರನ್ನು ಹೊರಗಿನ ಅಂಗಳದಾಚೆಯೇ ನಿಲ್ಲಿಸಿದ್ದರು. ಕಾಂಡ ಎರಡಾಳು ಎತ್ತರಕ್ಕೆ ಬಂದ ಮೇಲೆ ಒಳಗೆ ಕಂಡಿತು. ಮನೆ ಬದಿಯಲ್ಲಿ ಗಟ್ಟಿ ಮರ ಅಂಗೈ ಅಗಲಕ್ಕಿಂತ ಕಡಿಮೆ, ಒಂದು ಕಡೆ ಅದೂ ಇಲ್ಲ, ಬರೀ ಪುಡಿ. ಅಪ್ಪಯ್ಯ ಅದರೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು ನೋಡಿದರು. ಏನೂ ಹೇಳಲಿಲ್ಲ. ಆಮೇಲೆ ರಾತ್ರಿ ಊಟಕ್ಕೆ ಕೂತಾಗ, ಈ ಮಳೆಗಾಲ ನಿಲ್ಲುತ್ತಿರಲಿಲ್ಲ ಅಂದರು.

ಒಂದು ವೇಳೆ ಮರ ಆಗಲೇ ಬಿದ್ದಿದ್ದರೆ? ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಬಿದ್ದ ಮರ ಸತ್ತ ಮರ ಅಂದುಕೊಂಡು ಜನ ಕತ್ತಿ ಹಿಡಿದು ನುಗ್ಗುತ್ತಾರೆ. ಮನೆಗೋ ಇನ್ನೊಂದು ಮರಕ್ಕೋ ಒರಗಿದ ಕಾಂಡ, ಬಾಗಿ ಸಿಕ್ಕಿಕೊಂಡ ಕೊಂಬೆ ಎಲ್ಲ ಬಿಗಿದು ನಿಂತಿರುತ್ತವೆ. ಕೊಯ್ದ ಕ್ಷಣ ಚಿಮ್ಮುತ್ತವೆ. ಬೇರು ಸಮೇತ ಮಗುಚಿದ ಮರದ ಕಾಂಡ ಕತ್ತರಿಸಿದರೆ, ಮೇಲೆದ್ದ ಬೇರಿನ ಮಣ್ಣುಹೆಂಟೆ ಮತ್ತೆ ತನ್ನ ಗುಂಡಿಗೆ ಹೋಗಿ ಕೂರಬಹುದು. ಆ ಗುಂಡಿಯಲ್ಲಿ ಆಟಕ್ಕೆ ಇಳಿದ ಮಕ್ಕಳಿದ್ದರೆ ಗತಿ ಏನು? ಮರ ಮನೆ ಮೇಲೆ ಬಿದ್ದರೆ ಎಲ್ಲರೂ ಹೊರಗೆ ಬನ್ನಿ, ತಂತಿ ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ಫೋನ್ ಮಾಡಿ, ಜನ ಸಿಕ್ಕಿಕೊಂಡಿದ್ದರೆ 112. ಉಳಿದದ್ದು ಬೆಳಕಾದ ಮೇಲೆ, ಬಲ್ಲವರ ಕೈಯಲ್ಲಿ.

ಕೂಲಿಯ ಬಗ್ಗೆಯೂ ಒಂದು ಮಾತು. ಅರ್ಧ ದಿನ ಅಂದವರು ಕೇಳಿದ್ದಕ್ಕಿಂತ ಈ ತಂಡಕ್ಕೆ ಬಹಳ ಜಾಸ್ತಿ ಕೊಟ್ಟೆವು. ಊರಿನ ಕೆಲವರಿಗೆ ಅದು ದುಬಾರಿ ಅನ್ನಿಸಿತು. ನನಗೆ ಅನ್ನಿಸಲಿಲ್ಲ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ. ಮರ ಕಡಿಯುವವರಲ್ಲಿ ವಿಮೆ ಇದ್ದವರನ್ನು ನಮ್ಮ ಕಡೆ ನಾನು ನೋಡಿಯೇ ಇಲ್ಲ. ಆ ಹುಡುಗನ ಬಳಿಯೂ ಇರಲಿಲ್ಲ. ಬ್ಯಾಂಕ್ ಖಾತೆ ಇದ್ದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ. ಅದು ದೊಡ್ಡ ಮೊತ್ತವೇನಲ್ಲ, ಆದರೆ ಏನೂ ಇಲ್ಲದಿರುವುದು ಅನ್ಯಾಯ ಅಲ್ವಾ? ನಿಮ್ಮ ಮರ ಹತ್ತುವವರನ್ನು ಇದನ್ನೊಂದು ಕೇಳಿ, ಇಲ್ಲದಿದ್ದರೆ ನೀವೇ ಮುಂದೆ ನಿಂತು ಮಾಡಿಸಿ.

ಬೊಡ್ಡೆಯನ್ನು ಕೀಳಿಸಲಿಲ್ಲ. ಗುಡ್ಡದ ಬದಿಯ ಬೇರು ಇನ್ನೂ ದರೆಯ ಮಣ್ಣನ್ನು ಹಿಡಿದುಕೊಂಡಿದೆ. ಜೆಸಿಬಿ ತಂದು ಕಿತ್ತಿದ್ದರೆ ಮರದ ಬದಲು ದರೆಯೇ ಮನೆ ಮೇಲೆ ಬರುತ್ತಿತ್ತು. ಆ ಬೇರೂ ನಿಧಾನವಾಗಿ ಕೊಳೆಯುತ್ತದೆ. ಅಷ್ಟರೊಳಗೆ ಬೇರೆ ಬೇರು ಬರಬೇಕು ಅಂತ ದರೆಯ ಉದ್ದಕ್ಕೂ ಲಾವಂಚ ನೆಡುತ್ತಿದ್ದೇವೆ. ಮೇಲಿನಿಂದ ಹರಿದು ಬರುವ ನೀರನ್ನು ಪಕ್ಕಕ್ಕೆ ತಿರುಗಿಸಲು ಒಂದು ಕಾಲುವೆ ತೆಗೆದಾಗಿದೆ. ಈಗ ಊರಿನಲ್ಲಿ ಹೊಸ ಮನೆಗಳಿಗೆ ಒಂದೇ ದಿನದಲ್ಲಿ ದರೆ ಕಡಿಯುತ್ತಾರೆ, ಅಂಚಿನ ಮರಗಳ ಬೇರು ತುಂಡಾಗಿ ತೂಗಾಡುತ್ತಿರುತ್ತದೆ. ಅಂಥ ಮರ ನಮ್ಮದರ ಹಾಗೆ ತಲೆಮಾರು ಕಾಲ ನಿಲ್ಲುತ್ತದೆ ಅಂತ ಲೆಕ್ಕ ಹಾಕಬೇಡಿ. ದರೆ ಕಡಿಯುವ ಮುಂಚೆಯೇ ಮರದಿಂದ ದೂರ ಸರಿದರೆ ಮರವೂ ಉಳಿಯುತ್ತದೆ.

ಕಡಿಯುವುದು ಖಚಿತವಾದ ಮೇಲೆ ಅಮ್ಮ ಮೊದಲು ಕೇಳಿದ್ದು ಕಸಿಯ ವಿಷಯ. ಬಲಿತ ಕುಡಿಗಳನ್ನು ಆರಿಸಿ, ಒಂದು ವಾರ ಹತ್ತು ದಿನ ಮುಂಚೆ ಎಲೆ ಸವರಿ, ತೊಟ್ಟು ಮಾತ್ರ ಉಳಿಸಿ ಬಿಟ್ಟೆವು. ಮೊಗ್ಗು ಉಬ್ಬಿದ ಮೇಲೆ ಕುಡಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಕಸಿ ಕಟ್ಟುವವರ ಮನೆಗೆ ಅಪ್ಪಯ್ಯ ಅವತ್ತೇ ಒಯ್ದರು. ಹಲವು ಗಿಡ ಹಿಡಿದಿವೆ. ಕೆಳಗಿನ ಮನೆಯವರು ಎರಡು ಕೇಳಿದ್ದಾರೆ, ಜೇನು ಒಯ್ದ ನೆಂಟರಿಗೂ ಒಂದು. ಕಸಿ ಗಿಡವಾದ್ದರಿಂದ ನಾಲ್ಕೈದು ವರ್ಷಕ್ಕೆ ಮಿಡಿ ಶುರುವಾಗಬಹುದು. ನಮ್ಮ ಪಾಲಿನವನ್ನು ಬ್ಯಾಣದ ಕೆಳಗಿನ ಅಂಚಿನಲ್ಲಿ ನೆಡುತ್ತೇವೆ. ಅಲ್ಲಿ ದರೆ ಇಲ್ಲ, ತಂತಿ ಇಲ್ಲ, ಮರ ಎಷ್ಟು ದೊಡ್ಡದಾಗಿ ಎತ್ತ ಬಿದ್ದರೂ ಯಾರ ಮನೆಗೂ ತಾಗುವುದಿಲ್ಲ.